ಕೈಕೊಟ್ಟ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್: ಮೊದಲು ನಕಲು, ರಿಪೇರಿ ಆಮೇಲೆ

ಶಿವಮೊಗ್ಗದಲ್ಲಿ ಹಾರ್ಡ್‌ವೇರ್ ಕಲಿಯುತ್ತಿರುವವರಿಗೆ ಈ ಕೆಲಸ ಇವತ್ತಲ್ಲ ನಾಳೆ ಬಂದೇ ಬರುತ್ತದೆ. ಯಾರದೋ ಮದುವೆ ಫೋಟೊ, ಯಕ್ಷಗಾನದ ರೆಕಾರ್ಡಿಂಗ್, ಅಡಿಕೆ ತೋಟದ ಲೆಕ್ಕ, ಎಲ್ಲಾ ಒಂದೇ ಡಿಸ್ಕಿನಲ್ಲಿ. ಇನ್ನೊಂದು ಕಾಪಿ ಇದೆಯಾ ಅಂತ ಕೇಳಿದರೆ ತಲೆ ಅಲ್ಲಾಡಿಸುತ್ತಾರೆ. ಕೆಡುತ್ತಿರುವ ಡಿಸ್ಕ್ ಓಡಿದಷ್ಟೂ ಇನ್ನಷ್ಟು ಕೆಡುತ್ತದೆ. ಇರುವ ಸಮಯವನ್ನೆಲ್ಲ ನಕಲು ತೆಗೆಯಲು ಬಳಸಬೇಕು.

ಪ್ಲಗ್ ಹಾಕಿ, ಮೊದಲು ಕಿವಿ ಕೊಡಿ. ಸದ್ದೇ ಇಲ್ಲದಿದ್ದರೆ ಕೇಬಲ್ ಬದಲಿಸಿ, ಬೇರೆ ಪೋರ್ಟಿಗೆ ಹಾಕಿ. 2.5 ಇಂಚಿನ ಡಿಸ್ಕ್ ಯುಎಸ್‌ಬಿಯಿಂದಲೇ ಕರೆಂಟ್ ಎಳೆಯುತ್ತದೆ. ನಿಯಮದ ಪ್ರಕಾರ ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿ ಆಂಪಿಯರ್, 3.0 ಕೊಡುವುದು 900. ಹಬ್ ಮೂಲಕ ಹಾಕಿದರೆ ಸಾಲದೇ ಹೋಗಬಹುದು. 3.5 ಇಂಚಿನದಕ್ಕೆ ಬೇರೆ 12 ವೋಲ್ಟ್ ಅಡಾಪ್ಟರ್ ಇರುತ್ತದೆ. ಗುಡುಗು ಸಿಡಿಲಿನ ಕಾಲದಲ್ಲಿ ಡಿಸ್ಕಿಗಿಂತ ಮೊದಲು ಅದರ ಮೇಲೇ ಅನುಮಾನ ಪಡಿ.

ಟಕ್ ಟಕ್ ಅಂತ ಒಂದೇ ಸಮ ಬಡಿಯುತ್ತಿದೆಯಾ? ಕೂಡಲೇ ತೆಗೆಯಿರಿ. ಓದುವ ಹೆಡ್ ಪ್ಲ್ಯಾಟರಿನ (ಡೇಟಾ ಇರುವ, ತಿರುಗುವ ತಟ್ಟೆಯ) ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ಕೆಟ್ಟ ಹೆಡ್ ಪ್ಲ್ಯಾಟರನ್ನೇ ಕೆರೆದರೆ ಅಲ್ಲಿದ್ದ ಡೇಟಾ ಮುಗಿದ ಕಥೆ. ಇದು ಧೂಳಿಲ್ಲದ ಕ್ಲೀನ್ ರೂಮ್ ಇರುವ ಲ್ಯಾಬಿನ ಕೆಲಸ. ಟೇಬಲ್ ಮೇಲೆ ಸ್ಕ್ರೂ ಬಿಚ್ಚಬೇಡಿ. ಫ್ರಿಜ್ಜಿನಲ್ಲಿಟ್ಟರೆ ಸರಿಯಾಗುತ್ತದೆ ಅನ್ನುವ ಹಳೇ ಮಾತನ್ನೂ ನಂಬಬೇಡಿ. ನಮ್ಮ ಮಳೆಗಾಲದ ತೇವದಲ್ಲಿ ತಣ್ಣಗಿನ ಡಿಸ್ಕ್ ಹೊರಗೆ ತೆಗೆದರೆ ಮೈಯೆಲ್ಲಾ ನೀರು ಕೂರುತ್ತದೆ, ಅಷ್ಟೇ.

ಡಿಸ್ಕ್ ತಿರುಗುತ್ತಿದೆ, ಆದರೆ ವಿಂಡೋಸ್ 'ಫಾರ್ಮ್ಯಾಟ್ ಮಾಡಲಾ' ಅಂತ ಕೇಳುತ್ತಿದೆ ಅಂದರೆ ಖುಷಿ ಪಡಿ. ಹೆಚ್ಚಾಗಿ ಇದೇ ನಮ್ಮ ಕೈಯಲ್ಲಿ ಆಗುವ ಕೇಸ್. ಕ್ಯಾನ್ಸಲ್ ಒತ್ತಿ. ಚೆಕ್‌ಡಿಸ್ಕ್ ಅನ್ನುವ ವಿಂಡೋಸ್ ರಿಪೇರಿ ಸಾಧನ ಓಡಿಸಬೇಡಿ, ಅದು ಕೆಡುತ್ತಿರುವ ಡಿಸ್ಕಿನ ಮೇಲೇ ಬರೆಯಲು ಹೋಗುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಪ್ರೋಗ್ರಾಮಿನಲ್ಲಿ ಸ್ಮಾರ್ಟ್ ವಿವರ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ಕಂಡರೆ 'ಪೆಂಡಿಂಗ್ ಸೆಕ್ಟರ್' ಸಾಲು ನೋಡಿ. ಸೆಕ್ಟರ್ ಅಂದರೆ ಡಿಸ್ಕಿನ ಒಂದು ಸಣ್ಣ ತುಂಡು ಜಾಗ. ಅಲ್ಲಿ ಸೊನ್ನೆ ಇಲ್ಲದಿದ್ದರೆ ಓದಲಾಗದ ಜಾಗಗಳಿವೆ ಎಂದರ್ಥ.

ಈಗ ನಿಜವಾದ ಕೆಲಸ. ಲಿನಕ್ಸ್‌ನಲ್ಲಿ ಗ್ನೂ ಡಿಡಿರೆಸ್ಕ್ಯೂ ಅನ್ನುವ ಉಚಿತ ಸಾಧನ ಇದೆ. ಸಾಮಾನ್ಯ ಕಾಪಿ ಕೆಟ್ಟ ಸೆಕ್ಟರ್ ಸಿಕ್ಕಲ್ಲೇ ಒದ್ದಾಡುತ್ತದೆ. ಇದು ಜಾಣ. ಸುಲಭವಾಗಿ ಓದಲು ಬರುವ ಜಾಗವನ್ನೆಲ್ಲ ಮೊದಲು ಎತ್ತಿಕೊಂಡು, ತಂಟೆಯ ಜಾಗಕ್ಕೆ ಆಮೇಲೆ ಬರುತ್ತದೆ. ಎಷ್ಟಾಯಿತು, ಎಲ್ಲಿ ಬಿಟ್ಟಿತು ಅನ್ನುವುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ. ಆರೋಗ್ಯವಂತ 1 ಟಿಬಿ ಡಿಸ್ಕ್ ಸೆಕೆಂಡಿಗೆ 100 ಎಂಬಿಯಂತೆ ಓದಿದರೆ ಸುಮಾರು 3 ಗಂಟೆಯ ಕೆಲಸ. ಕೆಟ್ಟದ್ದಕ್ಕೆ ದಿನಗಟ್ಟಲೆ ಬೇಕಾಗಬಹುದು. ಮಲೆನಾಡಿನ ಮಳೆಯಲ್ಲಿ ಅಷ್ಟು ಹೊತ್ತು ಕರೆಂಟ್ ಇರುತ್ತಾ? ಮ್ಯಾಪ್ ಫೈಲ್ ಇದ್ದರೆ ಬಿಟ್ಟಲ್ಲಿಂದ ಮುಂದುವರಿಸಬಹುದು. ಅದಕ್ಕೇ ಕಮಾಂಡಿನಲ್ಲಿ ಅದರ ಹೆಸರನ್ನು ಮರೆಯದೇ ಕೊಡಬೇಕು, ಬೇರೆ ಒಳ್ಳೆಯ ಡಿಸ್ಕಿನಲ್ಲಿಡಬೇಕು. ಆದರೂ ಯುಪಿಎಸ್ ಹಾಕಿ. ಪದೇ ಪದೇ ಆಫ್ ಆಗಿ ಆನ್ ಆಗುವುದು ದುರ್ಬಲ ಡಿಸ್ಕಿಗೆ ಒಳ್ಳೆಯದಲ್ಲ.

ಇಮೇಜ್ (ಇಡೀ ಡಿಸ್ಕಿನ ನಕಲು ಇರುವ ಒಂದೇ ಫೈಲ್) ಇಡುವ ಡಿಸ್ಕಿನಲ್ಲಿ ಮೂಲ ಡಿಸ್ಕಿನ ಪೂರ್ತಿ ಗಾತ್ರಕ್ಕಿಂತ ಜಾಸ್ತಿ ಖಾಲಿ ಜಾಗ ಇರಲಿ. ಅದು ಫ್ಯಾಟ್32 ಫಾರ್ಮ್ಯಾಟಿನಲ್ಲಿರುವುದು ಬೇಡ, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ. ಯಾವುದು ಮೂಲ, ಯಾವುದು ನಕಲು ಅಂತ ಮಾಡೆಲ್ ನಂಬರ್ ನೋಡಿಯೇ ಎಂಟರ್ ಒತ್ತಿ.

ಇಮೇಜ್ ಸಿಕ್ಕ ಮೇಲೆ ಮೂಲ ಡಿಸ್ಕ್ ಪಕ್ಕಕ್ಕಿಡಿ. ಇಮೇಜ್‌ನ ಕಾಪಿಯ ಮೇಲೆ ಟೆಸ್ಟ್‌ಡಿಸ್ಕ್ ಅನ್ನುವ ಸಾಧನ ಓಡಿಸಿ. ಕಳೆದುಹೋದ ಪಾರ್ಟಿಷನ್ (ಡಿಸ್ಕಿನ ವಿಭಾಗ) ಸಿಕ್ಕರೆ ಫೋಲ್ಡರ್, ಹೆಸರು ಸಮೇತ ಎಲ್ಲಾ ಬರುತ್ತದೆ. ಸಿಗದಿದ್ದರೆ ಫೋಟೊರೆಕ್ ಅನ್ನುವ ಇನ್ನೊಂದು ಸಾಧನ. ಇದು ಫೈಲ್ ಸಿಸ್ಟಮ್ (ಫೈಲಿನ ಹೆಸರು, ಜಾಗದ ಪಟ್ಟಿ) ಬಿಟ್ಟು ಫೈಲಿನ ಆರಂಭದ ಗುರುತನ್ನೇ ಹುಡುಕುತ್ತದೆ. ಫೋಟೊ ಬರುತ್ತದೆ, ಹೆಸರು ಹೋಗುತ್ತದೆ. ಸಾವಿರಾರು ನಂಬರ್ ಹೆಸರಿನ ಫೈಲ್‌ಗಳನ್ನು ವಿಂಗಡಿಸುವುದು ತಲೆನೋವೇ, ಅದಕ್ಕೇ ಇದು ಎರಡನೇ ಆಯ್ಕೆ.

ಗಿರಾಕಿ ಕೇಳುವುದು ಒಂದೇ: ಎಷ್ಟು ಹಾಳಾಗಿದೆ? ಡಿಡಿರೆಸ್ಕ್ಯೂನಲ್ಲಿ ಇದಕ್ಕೂ ದಾರಿ ಇದೆ. ಇಮೇಜ್‌ನ ಇನ್ನೊಂದು ಕಾಪಿ ಮಾಡಿ, ಓದಲಾಗದ ಸೆಕ್ಟರ್‌ಗಳಲ್ಲಿ ನಿಮಗೆ ಬೇಕಾದ ಒಂದು ವಿಚಿತ್ರ ಪದ ತುಂಬಿಸಿ. ಆಮೇಲೆ ಫೈಲ್‌ಗಳೊಳಗೆ ಆ ಪದ ಹುಡುಕಿ. ಎಲ್ಲಿ ಸಿಕ್ಕಿತೋ ಆ ಫೈಲ್‌ಗೆ ಪೆಟ್ಟಾಗಿದೆ. ಆ ಪಟ್ಟಿಯನ್ನೇ ಪ್ರಿಂಟ್ ತೆಗೆದು ಡಿಸ್ಕಿನ ಜೊತೆ ಕೊಟ್ಟುಬಿಡಿ.