ಮಾಚು ಪಿಚು ಮೊದಲು, ಕುಸ್ಕೊ ಆಮೇಲೆ

ಪೆರುವಿಗೆ ಒಂದು ವಾರದ ಪ್ಲಾನ್ ಮಾಡಿಕೊಂಡು ಬರುವವರ ಚೀಟಿಯಲ್ಲಿ ಸಾಮಾನ್ಯವಾಗಿ ಹೀಗಿರುತ್ತದೆ: ಲೀಮಾದಿಂದ ಕುಸ್ಕೊಗೆ ವಿಮಾನ, ಅಲ್ಲಿ ಎರಡು ರಾತ್ರಿ ಇದ್ದು ಎತ್ತರಕ್ಕೆ ಒಗ್ಗಿಕೊಳ್ಳುವುದು, ಆಮೇಲೆ ಇಂಕಾ ಕಾಲದ ಪಾಳು ಊರು ಮಾಚು ಪಿಚುಗೆ ‘ಹತ್ತುವುದು’. ಹತ್ತುವುದಲ್ಲ ಸ್ವಾಮಿ, ಇಳಿಯುವುದು! ಕುಸ್ಕೊ ಇರುವುದು ಸುಮಾರು 3,400 ಮೀಟರ್ ಎತ್ತರದಲ್ಲಿ, ಮಾಚು ಪಿಚು 2,430ರಲ್ಲಿ. ಫೋಟೊದಲ್ಲಿ ಮೋಡದ ಮೇಲೆ ಕೂತಂತೆ ಕಾಣುವ ಜಾಗ ಕುಸ್ಕೊ ಪೇಟೆಗಿಂತ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಕೆಳಗಿದೆ.

ಲೀಮಾ ಸಮುದ್ರದ ದಡದ ಊರು. ಅಲ್ಲಿಂದ ಒಂದೂಕಾಲು ಗಂಟೆಯಲ್ಲಿ ವಿಮಾನ ನಿಮ್ಮನ್ನು ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಕ್ಕಾಲು ಮುಳ್ಳಯ್ಯನಗಿರಿ ಇಟ್ಟಷ್ಟು ಎತ್ತರಕ್ಕೆ ಒಯ್ದಿರುತ್ತದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲೂ ಶೇ. 21ರಷ್ಟೇ, ಆದರೆ ಒತ್ತಡ ಕಡಿಮೆ. ಒಂದು ಉಸಿರಿಗೆ ಸಿಗುವುದು ಲೀಮಾದಲ್ಲಿ ಸಿಗುತ್ತಿದ್ದುದರ ಮೂರನೇ ಎರಡು ಭಾಗ. ಮೋಸ ಎಲ್ಲಿ ಅಂದರೆ, ಇಳಿದ ಕೂಡಲೇ ಏನೂ ಆಗುವುದಿಲ್ಲ. ತಲೆನೋವು, ವಾಕರಿಕೆ, ನಿದ್ದೆಗೇಡು ಶುರುವಾಗುವುದು ಸಾಮಾನ್ಯವಾಗಿ 6ರಿಂದ 12 ಗಂಟೆಯ ನಂತರ. ‘ನಮಗೇನೂ ಆಗಲಿಲ್ಲ’ ಎಂದು ಮಧ್ಯಾಹ್ನವೇ 3,700 ಮೀಟರಿನ ಸಕ್ಸಾಯ್‌ವಾಮನ್ ಕೋಟೆಗೆ ಹೋಗಿ, ಸಂಜೆ ಒಂದು ಪಿಸ್ಕೊ ಸೌರ್ (ಅಲ್ಲಿನ ಮದ್ಯದ ಪಾನೀಯ) ಏರಿಸಿದವರು ಮರುದಿನ ಹಾಸಿಗೆ ಬಿಡುವುದಿಲ್ಲ. ಇದ್ದ ಏಳು ದಿನದಲ್ಲಿ ಒಂದು ಹೋಯಿತು.

ಆದ್ದರಿಂದ ಕುಸ್ಕೊದಲ್ಲಿ ಇಳಿದವರೇ ನಿಲ್ಲದೆ ಕಣಿವೆಯ ಊರು ಒಯಾಂತೈತಾಂಬೊಗೆ ಹೊರಡಿ. ಕಾರಿನಲ್ಲಿ ಎರಡು ಗಂಟೆ, ಎತ್ತರ ಸುಮಾರು 2,800. ದಾರಿಯಲ್ಲಿ ಚಿಂಚೇರೊ 3,700 ದಾಟುತ್ತದಲ್ಲ ಎಂದು ಕೇಳುತ್ತಾರೆ. ದಾಟಲಿ. ಹಗಲು ಎಲ್ಲಿ ಹಾದುಹೋದಿರಿ ಎನ್ನುವುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎನ್ನುವುದೇ ಲೆಕ್ಕ. ಮರುದಿನ ನಿಧಾನವಾಗಿ ಅಲ್ಲಿನ ಕೋಟೆ ನೋಡಿ, ಸಂಜೆಯ ರೈಲು ಹಿಡಿದರೆ ಒಂದೂವರೆ-ಎರಡು ಗಂಟೆಯಲ್ಲಿ ಮಾಚು ಪಿಚುವಿನ ಬುಡದ ಊರು ಆಗ್ವಾಸ್ ಕಾಲಿಯೆಂತೆಸ್. ಅದು 2,040 ಮೀಟರ್, ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ಬೆಳಿಗ್ಗೆ ಬಸ್ಸಿನಲ್ಲಿ ಅರ್ಧ ಗಂಟೆ, ಮಾಚು ಪಿಚು. ಕುಸ್ಕೊ ಕೊನೆಯ ಎರಡು ದಿನಕ್ಕೆ. ಅಷ್ಟರಲ್ಲಿ ದೇಹ ಸ್ವಲ್ಪ ಪಳಗಿರುತ್ತದೆ. ಇನ್‌ಸ್ಟಾಗ್ರಾಮಿನ ಬಣ್ಣದ ಬೆಟ್ಟ ವಿನಿಕುಂಕ 5,000 ಮೀಟರಿಗೂ ಮೇಲಿದೆ. ಒಂದು ವಾರದ ಪ್ರವಾಸದಲ್ಲಿ ಅದನ್ನು ಕೈಬಿಡಿ.

ಹೀಗೆ ಮಾಡಿದರೆ ಯಾರಿಗೂ ಏನೂ ಆಗದು ಎಂದು ಬರೆದುಕೊಡಲಾರೆ. 2,800 ಕೂಡ ತಗ್ಗೇನಲ್ಲ. ಹೃದಯ, ಶ್ವಾಸಕೋಶದ ತೊಂದರೆ ಇದ್ದವರು ಟಿಕೆಟ್ ಮಾಡುವ ಮೊದಲೇ ವೈದ್ಯರನ್ನು ಕಾಣಬೇಕು. ಎತ್ತರದ ತೊಂದರೆ ತಡೆಯಲು ನುಂಗುವ ಡೈಮಾಕ್ಸ್ ಮಾತ್ರೆಯೂ ವೈದ್ಯರು ಬರೆದುಕೊಟ್ಟರೆ ಮಾತ್ರ. ಸಲ್ಫಾ ಅಲರ್ಜಿ ಇದ್ದರೆ ಮರೆಯದೆ ಹೇಳಿ. ಸುಮ್ಮನೆ ಕೂತಾಗಲೂ ಏದುಸಿರು, ನಡೆದರೆ ತೂರಾಟ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ, ಆಗಲೇ ಕೆಳಗಿಳಿಸಿ, ಆಸ್ಪತ್ರೆಗೆ ಒಯ್ಯಿರಿ.

ಇನ್ನೊಂದು: ಡೈಮಾಕ್ಸ್ ತೆಗೆದುಕೊಂಡವರಿಗೆ ಮೂತ್ರ ಜಾಸ್ತಿ. ಮಾಚು ಪಿಚುವಿನ ಒಳಗೆ ಶೌಚಾಲಯವೇ ಇಲ್ಲ, ಇರುವುದು ಗೇಟಿನ ಹೊರಗೆ. ಮುಗಿಸಿಕೊಂಡೇ ಒಳಗೆ ಹೋಗಿ.

ಮಾಚು ಪಿಚು ಟಿಕೆಟ್ಟಿನಲ್ಲಿ ದಿನ, ಗಂಟೆ, ಸರ್ಕ್ಯೂಟ್ (ಒಳಗೆ ನಡೆಯುವ ದಾರಿ) ಮೂರೂ ನಿಗದಿ. ಮೇಲಿನ ನೋಟ, ಕೆಳಗಿನ ಅವಶೇಷ ಎರಡೂ ಬೇಕೆಂದರೆ ಸರ್ಕ್ಯೂಟ್ 2. ಜೂನ್-ಆಗಸ್ಟ್‌ನಲ್ಲಿ ಅದೇ ಮೊದಲು ಖಾಲಿಯಾಗುವುದು, ಹಾಗಾಗಿ ಅದು ಕೈಗೆ ಬಂದ ಮೇಲೆ ರೈಲು, ಹೋಟೆಲ್. ಪಾಸ್‌ಪೋರ್ಟ್ ಜೇಬಿನಲ್ಲೇ ಇರಲಿ, ಗೇಟಿನಲ್ಲಿ ಹೆಸರು ಹೋಲಿಸಿ ನೋಡುತ್ತಾರೆ.

ಅಮೆರಿಕದಲ್ಲಿರುವ ಮಕ್ಕಳು ಊರಿನಿಂದ ಬಂದ ಅಪ್ಪ-ಅಮ್ಮನನ್ನು ಪೆರುವಿಗೆ ಕರೆದೊಯ್ಯುವುದು ಈಗ ರೂಢಿ. ಹಿರಿಯರಿಗೆ ಕುಸ್ಕೊದಲ್ಲಿ ಕೋಕಾ ಚಹಾ ಇಷ್ಟವಾಗುತ್ತದೆ. ಅಲ್ಲೇ ಕುಡಿಯಲಿ, ಪೊಟ್ಟಣ ಮಾತ್ರ ಸೂಟ್‌ಕೇಸಿಗೆ ಬೇಡ. ಕೋಕಾ ಎಲೆ ಅಮೆರಿಕದಲ್ಲೂ ಭಾರತದಲ್ಲೂ ಮಾದಕ ವಸ್ತುವಿನ ಪಟ್ಟಿಯಲ್ಲಿದೆ. ಪೆರು ಬಿಟ್ಟು 6 ದಿನದೊಳಗೆ ಬೆಂಗಳೂರಿಗೆ ಇಳಿಯುವವರ ಬಳಿ ಯೆಲ್ಲೋ ಫೀವರ್ ಲಸಿಕೆಯ ಕಾರ್ಡ್ ಇರಬೇಕು, ಇಲ್ಲದಿದ್ದರೆ ಕ್ವಾರಂಟೈನ್‌ಗೆ ಕಳಿಸಬಹುದು. ಲಸಿಕೆ ಕನಿಷ್ಠ 10 ದಿನ ಮೊದಲು ಆಗಿರಬೇಕು, 60 ದಾಟಿದವರು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬಾರದು.