ಸ್ಟ್ಯಾಂಪಿನ ಶಾಯಿ ಹರಡುವುದೇಕೆ, ಕಾರ್ಡು ಬಾಗುವುದೇಕೆ?

ಪ್ರಶ್ನೆ: ಪ್ರತಿ ವರ್ಷ ಕ್ರಿಸ್ಮಸ್‌ಗೆ ಸುಮಾರು ನಲವತ್ತು ಕಾರ್ಡು ಮನೆಯಲ್ಲೇ ಮಾಡುತ್ತೇನೆ. ವಿಡಿಯೊ ನೋಡಿ ಕಲಿತದ್ದು. ಅವರು ತೋರಿಸಿದ ಹಾಗೆಯೇ ಮಾಡಿದರೂ ನನ್ನ ಸ್ಟ್ಯಾಂಪಿನ ಗೆರೆ ಹರಡುತ್ತದೆ, ಕೆಲವು ಮರುದಿನವೂ ಒಣಗಿರುವುದಿಲ್ಲ. ಡೈ ಕಟ್ ಮಾಡಿದ, ಅಂದರೆ ಲೋಹದ ಅಚ್ಚಿನಿಂದ ಕತ್ತರಿಸಿದ, ಸೂಕ್ಷ್ಮ ಎಲೆ, ನಕ್ಷತ್ರಗಳ ಅಂಚು ಹರಿದು ಬರುತ್ತದೆ. ಎಲ್ಲ ಮುಗಿಸಿ ಮೇಜಿನ ಮೇಲಿಟ್ಟರೆ ಬೆಳಿಗ್ಗೆ ಕಾರ್ಡು ಬಾಗಿರುತ್ತದೆ. ನನ್ನ ಕೈಯೇ ಸರಿ ಇಲ್ಲವಾ ಅಕ್ಕ?
(ಕಲ್ಯಾಣಪುರದ ಓದುಗರು)

ನಿಮ್ಮ ಕೈ ಸರಿಯಾಗಿಯೇ ಇದೆ. ಮಂಗಳೂರಿನಿಂದಲೂ ಉಡುಪಿಯಿಂದಲೂ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಮಾತು ಬೇರೆ ಬೇರೆ, ತೊಂದರೆ ಒಂದೇ. ನಾವು ನೋಡುವ ವಿಡಿಯೊಗಳಲ್ಲಿ ಹೆಚ್ಚಿನವು ಚಳಿದೇಶದವು. ಅಲ್ಲಿ ಈ ದಿನಗಳಲ್ಲಿ ಮನೆಯೊಳಗೆ ಹೀಟರ್ ಉರಿಯುತ್ತಿರುತ್ತದೆ, ಕೋಣೆಯ ಗಾಳಿ ಒಣಗಿರುತ್ತದೆ. ನಾವಿರುವುದು ಕಡಲ ಬದಿಯಲ್ಲಿ. ಡಿಸೆಂಬರಿಗೆ ಕಾರ್ಡು ಬೇಕೆಂದರೆ ಅಕ್ಟೋಬರಿನಲ್ಲೋ ನವೆಂಬರಿನಲ್ಲೋ ಕೂರುತ್ತೇವೆ. ಆಗಿನ್ನೂ ಮಳೆಗಾಲದ ತೇವ ಗೋಡೆಯಲ್ಲೂ ಕಪಾಟಿನಲ್ಲೂ ಉಳಿದಿರುತ್ತದೆ. ನೀವು ಹೇಳಿದ ಮೂರೂ ತೊಂದರೆಗಳ ಬುಡದಲ್ಲಿ ಇರುವುದು ಆ ನೀರು.

ಕಾಗದದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಎಲ್ಲರೂ ಮೊದಲು ದೂರುವುದು ಶಾಯಿಯನ್ನು. ಕಾಗದವೆಂದರೆ ಸಸ್ಯದ ನಾರುಗಳ ಹೆಣಿಗೆ. ಗಾಳಿಯಲ್ಲಿ ತೇವ ಹೆಚ್ಚಿದರೆ ಆ ನಾರು ನೀರು ಕುಡಿದು ಉಬ್ಬುತ್ತದೆ, ಗಾಳಿ ಒಣಗಿದರೆ ಬಿಟ್ಟುಕೊಡುತ್ತದೆ. ನನ್ನ ಸೋದರಮಾವನದು ಮಂಗಳೂರಿನ ಉರ್ವದಲ್ಲಿ ಒಂದು ಸಣ್ಣ ಪ್ರೆಸ್ ಇತ್ತು. ಮದುವೆ ಕಾಗದ, ಬಿಲ್ ಪುಸ್ತಕ, ಭೂತಕೋಲದ ಆಮಂತ್ರಣ ಅಚ್ಚಾಗುತ್ತಿದ್ದ ಜಾಗ. ಹೊಸ ಕಾಗದದ ಕಟ್ಟು ಬಂದ ದಿನ ಮಾವ ಮುಟ್ಟುತ್ತಿರಲಿಲ್ಲ. ಕಟ್ಟು ಬಿಚ್ಚಿ, ಹಾಳೆಗಳನ್ನು ಸಡಿಲ ಮಾಡಿ, ಒಂದು ದಿನ ಹಾಗೇ ಬಿಡುತ್ತಿದ್ದರು. "ಕಾಗದಕ್ಕೆ ಕೋಣೆಯ ಗಾಳಿ ಹಿಡಿಯಲಿ" ಎನ್ನುತ್ತಿದ್ದರು. ನನಗೆ ಆಗ ಅರ್ಥವಾಗಿರಲಿಲ್ಲ. ಅಚ್ಚಾಗುವ ಹೊತ್ತಿನಲ್ಲಿ ಹಾಳೆ ಉಬ್ಬುವುದೋ ಕುಗ್ಗುವುದೋ ಆದರೆ ಎರಡನೆಯ ಬಣ್ಣ ಮೊದಲನೆಯದರ ಮೇಲೆ ಸರಿಯಾಗಿ ಕೂರುವುದಿಲ್ಲ. ಅದಕ್ಕಾಗಿ ಆ ಒಂದು ದಿನದ ಕಾಯುವಿಕೆ.

ಮನೆಯಲ್ಲಿ ನಾವು ಮಾಡಬೇಕಾದ್ದು ಇಷ್ಟೇ: ಕಾರ್ಡಿಗೆ ಬಳಸುವ ದಪ್ಪ ಕಾಗದವಾದ ಕಾರ್ಡ್‌ಸ್ಟಾಕನ್ನು ತೆರೆದ ಕಪಾಟಿನಲ್ಲಿಡದೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಡಿ. ಹೊಸ ಚಪ್ಪಲಿ, ಬ್ಯಾಗುಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಅದರೊಳಗೆ ಹಾಕಿ. ಹಲಸಿನ ಹಪ್ಪಳವನ್ನು ನಮ್ಮ ಅಜ್ಜಿಯಂದಿರು ಹೇಗೆ ಡಬ್ಬಿಗೆ ಹಾಕಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದರೋ ಹಾಗೆಯೇ ಕಾಗದವನ್ನೂ ನೋಡಿಕೊಳ್ಳಬೇಕು. ಕೆಲಸ ಬೆಳಿಗ್ಗೆ ಹತ್ತು ಗಂಟೆಯ ಮೇಲೆ ಇಟ್ಟುಕೊಳ್ಳಿ. ಇಬ್ಬನಿ ಬೀಳುವ ರಾತ್ರಿಯಲ್ಲಿ ಕಿಟಕಿ ತೆರೆದಿಟ್ಟು ಮಾಡಬೇಡಿ.

ಈಗ ಶಾಯಿ. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ಹಾಳಾದ ಕಾರ್ಡುಗಳಲ್ಲಿ ಹೆಚ್ಚಿನವು ಹಾಳಾಗುವುದು ಇಲ್ಲಿಯೇ.

ಮೊದಲು ಹೆಸರಿನ ಗೊಂದಲ. 'ಡೈ ಇಂಕ್' ಎನ್ನುವಲ್ಲಿನ ಡೈ ಅಂದರೆ ನೀರಿನಲ್ಲಿ ಕರಗುವ ಬಣ್ಣ. 'ಡೈ ಕಟ್' ಎನ್ನುವಲ್ಲಿನ ಡೈ ಅಂದರೆ ಕತ್ತರಿಸುವ ಅಚ್ಚು. ಕನ್ನಡದಲ್ಲಿ ಬರೆದಾಗ ಎರಡೂ ಒಂದೇ ಆಗಿ ಕಾಣುತ್ತವೆ. ಅಂಗಡಿಯಲ್ಲಿ ಕೇಳುವಾಗ ಇದು ನೆನಪಿರಲಿ.

ಹೆಚ್ಚಿನವರು ಮೊದಲು ಕೊಳ್ಳುವುದು ಆಫೀಸಿನ ಸ್ಟ್ಯಾಂಪ್ ಪ್ಯಾಡ್. ಎಲ್ಲ ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತದೆ, ಅಗ್ಗ. ಆದರೆ ಪ್ಯಾಡು ಬೇಗ ಒಣಗಬಾರದೆಂದು ಆ ಶಾಯಿಗೆ ಗ್ಲಿಸರಿನ್ ಅಥವಾ ಅದರ ಜಾತಿಯ ವಸ್ತು ಸೇರಿಸಿರುತ್ತಾರೆ. ಗ್ಲಿಸರಿನ್ ಗಾಳಿಯ ತೇವವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಒಣ ಊರಿನಲ್ಲಿ ಅದರಿಂದ ಉಪಕಾರವೇ ಆಗುತ್ತದೆ. ನಮ್ಮಲ್ಲಿ ಆ ಗೆರೆ ಕಾಗದದ ಮೇಲೆ ಕೂತು ಮತ್ತೆ ಮತ್ತೆ ತೇವ ಹೀರುತ್ತದೆ, ನಾರಿನ ದಾರಿ ಹಿಡಿದು ಹರಿಯುತ್ತದೆ. ನಿಮ್ಮ ಗೆರೆಯ ಸುತ್ತ ಕೂದಲಿನಂತೆ ಕಾಲು ಚಾಚಿದ್ದರೆ ಕಾರಣ ಬಹುತೇಕ ಇದೇ. ಆ ಪ್ಯಾಡನ್ನು ರಸೀದಿಗೆ ಬಿಟ್ಟುಬಿಡಿ.

ಕಾರ್ಡಿಗೆಂದೇ ಬರುವ ಶಾಯಿ ಮುಖ್ಯವಾಗಿ ಎರಡು ಬಗೆ. ಡೈ ಇಂಕ್ ಕಾಗದದೊಳಗೆ ಇಳಿಯುತ್ತದೆ, ಬೇಗ ಒಣಗುತ್ತದೆ, ನುಣುಪಾದ ಬಿಳಿ ಕಾರ್ಡ್‌ಸ್ಟಾಕಿನ ಮೇಲೆ ಗೆರೆ ಚೂಪಾಗಿ ಬರುತ್ತದೆ. ಪಿಗ್ಮೆಂಟ್ ಇಂಕಿನ ಬಣ್ಣದ ಕಣಗಳು ಕರಗದೆ ಮೇಲ್ಮೈಯಲ್ಲೇ ಕೂರುತ್ತವೆ. ಬಣ್ಣ ಗಾಢ, ಬೇಗ ಮಾಸುವುದಿಲ್ಲ, ಬಣ್ಣದ ಕಾಗದದ ಮೇಲೂ ಎದ್ದು ಕಾಣುತ್ತದೆ. ಆದರೆ ಒಣಗಲು ಗಂಟೆಗಟ್ಟಲೆ ಬೇಕು. ಹೊಳಪಿನ ಕಾಗದದ ಮೇಲಂತೂ ಬಿಸಿ ಮಾಡದೆ ಒಣಗುವುದೇ ಇಲ್ಲ ಎನ್ನಬಹುದು. ನನ್ನ ಮೊದಲ ವರ್ಷ ಹೊಳೆಯುವ ಕಾಗದದ ಮೇಲೆ ಚಿನ್ನದ ಬಣ್ಣದ ಪಿಗ್ಮೆಂಟ್ ಇಂಕಿನಲ್ಲಿ ಗೋದಲಿಯ ಚಿತ್ರ ಒತ್ತಿ, ಎರಡು ದಿನ ಬಿಟ್ಟು ಲಕೋಟೆಗೆ ಹಾಕಿದ್ದೆ. ಕುವೈಟಿನಲ್ಲಿದ್ದ ಗೆಳತಿಗೆ ಅದು ತಲುಪಿದಾಗ ಅರ್ಧ ಗೋದಲಿ ಲಕೋಟೆಯ ಒಳಗೋಡೆಯಲ್ಲಿತ್ತು. ಅವಳು ಫೋಟೋ ಕಳಿಸಿದಾಗ ಆದ ಬೇಸರ ಇನ್ನೂ ಮರೆತಿಲ್ಲ.

ಆದ್ದರಿಂದ ನೇರ ಉತ್ತರ: ಹೊಳಪಿಲ್ಲದ ನುಣುಪು ಕಾಗದಕ್ಕೆ ಡೈ ಇಂಕ್. ಹೊಳಪಿನ ಕಾಗದಕ್ಕೆ ಸಾಲ್ವೆಂಟ್ ಆಧಾರಿತ ಶಾಯಿ, ಅಂದರೆ ನೀರಿನ ಬದಲು ಬೇಗ ಆರುವ ದ್ರಾವಕದಲ್ಲಿ ಮಾಡಿದ್ದು. ಪಿಗ್ಮೆಂಟ್ ಬೇಕೇ ಬೇಕೆಂದರೆ ಅದರ ಮೇಲೆ ಎಂಬಾಸಿಂಗ್ ಪುಡಿ (ಬಿಸಿಗೆ ಕರಗಿ ಉಬ್ಬಿದ ಗೆರೆಯಾಗಿ ಗಟ್ಟಿಯಾಗುವ ಪುಡಿ) ಹಾಕಿ ಕರಗಿಸಿ. ಒತ್ತಿದ ಚಿತ್ರಕ್ಕೆ ಜಲವರ್ಣ ತುಂಬುವುದಾದರೆ ಒಣಗಿದ ಮೇಲೆ ನೀರಿಗೆ ಬಿಡದ ಶಾಯಿಯೇ ಆಗಬೇಕು. ಪ್ಯಾಡಿನ ಮೇಲೆ 'ವಾಟರ್‌ಪ್ರೂಫ್' ಎಂದು ಬರೆದಿದೆಯೇ ನೋಡಿ ಕೊಳ್ಳಿ.

ಗೆರೆ ಒತ್ತಿ ಆಮೇಲೆ ಕೈಯಲ್ಲಿ ಬಣ್ಣ ತುಂಬುವ ಈ ಕ್ರಮ ಕ್ರಿಸ್ಮಸ್ ಕಾರ್ಡಿನಷ್ಟೇ ಹಳೆಯದು. ಮಾರಾಟಕ್ಕೆ ಬಂದ ಮೊದಲ ಕ್ರಿಸ್ಮಸ್ ಕಾರ್ಡು 1843ರದ್ದು. ಲಂಡನ್ನಿನ ಹೆನ್ರಿ ಕೋಲ್ ಮಾಡಿಸಿದ್ದು, ಚಿತ್ರ ಬರೆದವರು ಜಾನ್ ಕ್ಯಾಲ್ಕಾಟ್ ಹಾರ್ಸ್ಲಿ. ಗೆರೆಯನ್ನು ಕಲ್ಲಚ್ಚಿನಲ್ಲಿ ಒತ್ತಿ ಬಣ್ಣವನ್ನು ಕೈಯಲ್ಲಿ ಹಚ್ಚಿದರು. ಅದೇ 1843ರಲ್ಲಿ, ಜುಲೈ 1ರಂದು, ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರತಂದರು. ಅದೂ ಕಲ್ಲಚ್ಚಿನದೇ. ಜುಲೈ 1 ಅಂದರೆ ಇಲ್ಲಿ ಎಂಥ ಮಳೆ ಎಂದು ನಿಮಗೆ ಹೇಳಬೇಕಾಗಿಲ್ಲ. ಕಲ್ಲಚ್ಚಿನಲ್ಲಿ ಪ್ರತಿ ಹಾಳೆಗೂ ಮುಂಚೆ ಕಲ್ಲನ್ನೇ ನೀರಿನಿಂದ ಒದ್ದೆ ಮಾಡುತ್ತಾರೆ. ಜಿಡ್ಡಿನ ಶಾಯಿ ನೀರಿದ್ದ ಕಡೆ ಅಂಟುವುದಿಲ್ಲ, ಚಿತ್ರವಿದ್ದ ಕಡೆ ಮಾತ್ರ ಅಂಟುತ್ತದೆ. ನೀರಿನ ಗುಣ ನೋಡಿ ಶಾಯಿ ಆರಿಸಿದರೆ ಈ ಊರಿನ ಮಳೆಗಾಲದಲ್ಲೂ ಅಚ್ಚು ಚೂಪಾಗಿ ಬರುತ್ತದೆ ಎನ್ನಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಎಂಬಾಸಿಂಗ್ ಪುಡಿ ಹಾಕುವಾಗ ನಮ್ಮ ಹವೆಯಲ್ಲಿ ಇನ್ನೊಂದು ಕಿರಿಕಿರಿ ಇದೆ. ತೇವದ ಕಾಗದಕ್ಕೆ ಪುಡಿ ಎಲ್ಲೆಂದರಲ್ಲಿ ಅಂಟುತ್ತದೆ, ಬಿಸಿ ಮಾಡಿದ ಮೇಲೆ ಸುತ್ತಲೂ ಚಿನ್ನದ ಚುಕ್ಕೆ. ಸ್ಟ್ಯಾಂಪ್ ಒತ್ತುವ ಮುಂಚೆ ಒಣ ಬಟ್ಟೆಯಲ್ಲಿ ಚಿಟಿಕೆ ಕಾರ್ನ್‌ಫ್ಲೋರ್ ಕಟ್ಟಿ ಕಾಗದದ ಮೇಲೆ ಮೆಲ್ಲಗೆ ಒರೆಸಿ. ಆಮೇಲೆ ಒತ್ತಿ, ಪುಡಿ ಸುರಿದು, ಹೆಚ್ಚಾದದ್ದನ್ನು ತಟ್ಟಿ ತೆಗೆಯಿರಿ. ಕರಗಿಸಲು ಹೇರ್ ಡ್ರೈಯರ್ ಆಗುವುದಿಲ್ಲ. ಅದರ ಶಾಖ ಸಾಲದು, ಗಾಳಿಗೆ ಪುಡಿಯೂ ಹಾರುತ್ತದೆ. ತೀರಾ ಬಿಸಿ ಗಾಳಿ ಊದುವ ಹೀಟ್ ಗನ್ ಇಲ್ಲದವರು ಚೆನ್ನಾಗಿ ಕಾದ ದೋಸೆ ಕಾವಲಿಯ ಮೇಲೆ, ಎರಡು ಬೆರಳಿನ ಅಂತರದಲ್ಲಿ, ಪುಡಿ ಮೇಲ್ಮುಖವಾಗಿರುವಂತೆ ಇಕ್ಕಳದಲ್ಲಿ ಹಿಡಿದರೆ ಪುಡಿ ಕರಗಿ ಹೊಳೆಯುವುದು ಕಣ್ಣಿಗೇ ಕಾಣುತ್ತದೆ. ಉರಿ ಆರಿಸಿದ ಮೇಲೆಯೇ ಹಿಡಿಯಿರಿ, ಮಕ್ಕಳ ಕೈಗೆ ಕೊಡಬೇಡಿ.

ಸ್ಟ್ಯಾಂಪಿನ ಬಗ್ಗೆ ಎರಡೇ ಮಾತು. ಹೊಸ ಪಾರದರ್ಶಕ ಸ್ಟ್ಯಾಂಪಿನ ಮೇಲೆ ಶಾಯಿ ಹನಿ ಹನಿಯಾಗಿ ನಿಂತರೆ ಪೆನ್ಸಿಲ್ ರಬ್ಬರಿನಿಂದ ಮೇಲ್ಮೈಯನ್ನು ಮೆಲ್ಲಗೆ ಉಜ್ಜಿ, ಸರಿಯಾಗುತ್ತದೆ. ಒತ್ತುವಾಗ ಕಾಗದದ ಕೆಳಗೆ ಹಳೆಯ ಮೌಸ್ ಪ್ಯಾಡ್ ಇಡಿ. ನಿಮಗೆ ಬೇಕಾದ ಚಿತ್ರ ಸಿಗದಿದ್ದರೆ, ಆಫೀಸು ಸೀಲು ಮಾಡಿಕೊಡುವ ರಬ್ಬರ್ ಸ್ಟ್ಯಾಂಪ್ ಅಂಗಡಿಗೆ ಕಪ್ಪು ಗೆರೆಯಲ್ಲಿ ಬರೆದ ಚಿತ್ರ ಕೊಟ್ಟು ಕೇಳಿ ನೋಡಿ. ಹಂಚಿನ ಮಾಡು, ತೆಂಗಿನ ಮರಕ್ಕೆ ಕಟ್ಟಿದ ನಕ್ಷತ್ರದ ಗೂಡು, ಇವು ಯಾವ ವಿದೇಶಿ ಸೆಟ್ಟಿನಲ್ಲೂ ಬರುವುದಿಲ್ಲ. ಇನ್ನು ಮಕ್ಕಳೊಟ್ಟಿಗೆ ಮಾಡುವುದಾದರೆ ಅಡ್ಡ ಕೊಯ್ದ ಬೆಂಡೆಕಾಯಿಗಿಂತ ಒಳ್ಳೆಯ ಸ್ಟ್ಯಾಂಪೇ ಇಲ್ಲ. ಅಂಗಡಿಯ ಬೆಂಡೆಗೆ ಸಾಮಾನ್ಯವಾಗಿ ಐದು ಏಣು, ಒತ್ತಿದರೆ ಐದು ಮೂಲೆಯ ನಕ್ಷತ್ರ. ಕೊಯ್ದ ಮೇಲೆ ಲೋಳೆ ಒರೆಸಿ ಹತ್ತು ನಿಮಿಷ ಆರಲು ಬಿಡಿ, ಪೋಸ್ಟರ್ ಬಣ್ಣವನ್ನು ದಪ್ಪಗೆ ಹಚ್ಚಿ.

ಡೈ ಕಟ್ ಹರಿಯುವುದಕ್ಕೂ ಕಾರಣ ತೇವವೇ. ತೆಳ್ಳಗಿನ ಉಕ್ಕಿನ ಡೈ ಅನ್ನು ಕಾಗದದ ಮೇಲಿಟ್ಟು, ಎರಡು ಪ್ಲಾಸ್ಟಿಕ್ ಹಲಗೆಗಳ ನಡುವೆ ಸೇರಿಸಿ, ಹಿಡಿ ತಿರುಗಿಸಿ ರೋಲರುಗಳ ನಡುವೆ ದಾಟಿಸುತ್ತೇವೆ. ಚಪ್ಪಲಿಯ ಅಟ್ಟೆ ಕತ್ತರಿಸಲು ಹುಟ್ಟಿದ ವಿದ್ಯೆ ಇದು. ತೇವ ಹಿಡಿದ ನಾರು ಮೆತ್ತಗಿರುತ್ತದೆ. ಅಂಚಿಗೆ ಸಿಕ್ಕಿ ತುಂಡಾಗುವ ಬದಲು ಎಳೆದುಕೊಳ್ಳುತ್ತದೆ, ಡೈ ಒಳಗೇ ಸಿಕ್ಕಿಕೊಳ್ಳುತ್ತದೆ. ಬಿಡಿಸಲು ಹೋದರೆ ಹರಿಯುತ್ತದೆ. ಡಬ್ಬಿಯಿಂದ ತೆಗೆದ ಒಣ ಕಾಗದವನ್ನು ಕೂಡಲೇ ಕತ್ತರಿಸಿ. ಡೈ ಮತ್ತು ಕಾಗದದ ನಡುವೆ ಒಂದು ತುಂಡು ಬಟರ್ ಪೇಪರ್ ಇಡಿ, ಬಿಡಿಸುವುದು ಸುಲಭ. ಒಮ್ಮೆ ದಾಟಿಸಿ, ಹಲಗೆಯನ್ನು ಸ್ವಲ್ಪ ಓರೆ ತಿರುಗಿಸಿ ಇನ್ನೊಮ್ಮೆ ದಾಟಿಸಿ. ಆದರೂ ಒಂದು ಕಡೆ ಕತ್ತರಿಸದಿದ್ದರೆ ಆ ಜಾಗದ ಕೆಳಗೆ ಒಂದು ಹಾಳೆ ಒತ್ತು ಕೊಡಿ. ಹಿಮದ ಹರಳಿನಂಥ ಜಾಲರಿ ಡೈಗಳನ್ನು ನವೆಂಬರಿನಲ್ಲಿ ಮುಟ್ಟಬೇಡಿ ಎಂದೇ ನನ್ನ ಸಲಹೆ. ಡಿಸೆಂಬರಿನಲ್ಲಿ ಗಾಳಿ ಕೊಂಚ ಒಣಗಿದ ಮಧ್ಯಾಹ್ನ ಅವೇ ಡೈಗಳು ಚೆನ್ನಾಗಿ ಕತ್ತರಿಸುತ್ತವೆ.

ನಲವತ್ತು ಕಾರ್ಡಿಗೆ ಮನೆಯ ಸಣ್ಣ ಮೆಷಿನ್ ಸಾಕು. ನಾನ್ನೂರು ಬೇಕಾದರೆ ಹಳೆಯ ಟ್ರೆಡಲ್ ಮೆಷಿನ್ (ಕಾಲಿನಲ್ಲಿ ತುಳಿದು ನಡೆಸುತ್ತಿದ್ದ ಅಚ್ಚಿನ ಯಂತ್ರ) ಉಳಿಸಿಕೊಂಡ ಪ್ರೆಸ್ಸಿಗೆ ಹೋಗಿ 'ಡೈ ಪಂಚಿಂಗ್' ಮಾಡಿಸಿ. ಒಮ್ಮೆ ಡೈ ಮಾಡಿಸಿಟ್ಟರೆ ಮುಂದಿನ ವರ್ಷಕ್ಕೂ ಆಯಿತು.

ಇನ್ನು ಕಾರ್ಡು ಬಾಗುವ ವಿಷಯ. ಯಂತ್ರದಲ್ಲಿ ಮಾಡಿದ ಕಾಗದದಲ್ಲಿ ನಾರುಗಳು ಹೆಚ್ಚಾಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. ತೇವ ಕುಡಿದಾಗ ನಾರು ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಉಬ್ಬುತ್ತದೆ. ನೀವು ಒಂದರ ಮೇಲೊಂದು ಅಂಟಿಸಿದ ಎರಡು ಹಾಳೆಗಳ ನಾರು ಬೇರೆ ಬೇರೆ ದಿಕ್ಕಿನದಾಗಿದ್ದರೆ ಒಂದು ಉಬ್ಬುತ್ತದೆ, ಇನ್ನೊಂದು ಎಳೆದು ಹಿಡಿಯುತ್ತದೆ, ಕಾರ್ಡು ಹಪ್ಪಳದಂತೆ ಏಳುತ್ತದೆ. ಹಾಳೆಯನ್ನು ಮಡಚದೆ ಎರಡೂ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿ. ಯಾವ ಕಡೆ ಸಲೀಸಾಗಿ ಬಾಗುತ್ತದೋ ಆ ಮಡಿಕೆಯ ಗೆರೆಯ ಉದ್ದಕ್ಕೆ ನಾರು ಮಲಗಿದೆ. ಕಾರ್ಡಿನ ಮಡಿಕೆಯೂ ಮೇಲೆ ಅಂಟಿಸುವ ಹಾಳೆಯ ನಾರೂ ಅದೇ ದಿಕ್ಕಿಗೆ ಬರಲಿ. ನೀರಿರುವ ಬಿಳಿ ಗಮ್ಮನ್ನು ಇಡೀ ಹಾಳೆಗೆ ಹಚ್ಚಬೇಡಿ, ಡಬಲ್ ಸೈಡ್ ಟೇಪ್ ಬಳಸಿ. ಗಮ್ ಸಣ್ಣ ಎಲೆ, ನಕ್ಷತ್ರಗಳಿಗೆ ಚುಕ್ಕೆಯಷ್ಟು ಸಾಕು. ಮಡಚುವ ಮುಂಚೆ ಶಾಯಿ ಮುಗಿದ ಬಾಲ್ ಪೆನ್ನಿನಿಂದ ಸ್ಕೇಲಿಟ್ಟು ಗೆರೆ ಎಳೆಯಿರಿ. ಎಳೆದಾಗ ಹಿಂಬದಿಯಲ್ಲಿ ಏಳುವ ಉಬ್ಬು ಮಡಿಕೆಯ ಒಳಗೆ ಬರಬೇಕು, ಆಗ ಅಂಚು ಒಡೆಯುವುದಿಲ್ಲ. ಮುಗಿದ ಕಾರ್ಡುಗಳನ್ನು ಒಂದು ರಾತ್ರಿ ದಪ್ಪ ಪುಸ್ತಕದ ಅಡಿ ಇಡಿ.

ಅಂಚೆಗೆ ಹಾಕುವವರಿಗೆ ತೂಕದ ಲೆಕ್ಕ ಗೊತ್ತಿರಲಿ. ಸಾದಾ ಪತ್ರದ ದರ 20 ಗ್ರಾಮಿನ ಹಂತದಲ್ಲಿ ಏರುತ್ತದೆ. 300 ಜಿಎಸ್‌ಎಂ ಎಂದರೆ ಒಂದು ಚದರ ಮೀಟರಿಗೆ 300 ಗ್ರಾಂ. ಎ4 ಹಾಳೆ ಚದರ ಮೀಟರಿನ ಹದಿನಾರನೇ ಒಂದು ಭಾಗ, ಅಂದರೆ ಸುಮಾರು 19 ಗ್ರಾಂ. ಅರ್ಧ ಎ4ನಲ್ಲಿ ಮಡಚಿದ ಕಾರ್ಡಿಗೆ ಒಂಬತ್ತು ಚಿಲ್ಲರೆ. ಮೇಲಿನ ಹಾಳೆ, ಡೈ ಕಟ್, ಫೋಮ್ ಟೇಪ್, ಲಕೋಟೆ ಸೇರಿದರೆ 20 ದಾಟುವುದು ಸುಲಭ. 250 ಜಿಎಸ್‌ಎಂ ತೆಗೆದುಕೊಂಡರೆ ಅಡಿಯ ಕಾರ್ಡು 8 ಗ್ರಾಮಿನ ಒಳಗೇ ಮುಗಿಯುತ್ತದೆ. ಫೋಮ್ ಹಾಕಿ ಎತ್ತರಿಸಿದ ಕಾರ್ಡುಗಳನ್ನು ಕೈಯಲ್ಲೇ ಕೊಡಿ, ಅಂಚೆಚೀಲದಲ್ಲಿ ಅವು ಜಜ್ಜಿಹೋಗುತ್ತವೆ. ಖಾಲಿ ಲಕೋಟೆಗಳ ಗಮ್ಮಿನ ಅಂಚು ನಮ್ಮ ಹವೆಗೆ ತಾನಾಗಿ ಅಂಟಿಕೊಳ್ಳುವುದರಿಂದ ಅವುಗಳಿಗೂ ಆ ಡಬ್ಬಿಯಲ್ಲೇ ಜಾಗ ಮಾಡಿ.

ಈಗಾಗಲೇ ಶಾಯಿ ಹರಡಿದ ಹಾಳೆಗಳನ್ನು ಎಸೆಯಬೇಡಿ. ಹರಡದ ಭಾಗ ಆರಿಸಿ ಸಣ್ಣ ನಕ್ಷತ್ರದ ಡೈ ಒತ್ತಿ, ತುದಿಗೊಂದು ತೂತು ಮಾಡಿ ದಾರ ಪೋಣಿಸಿ. ನೆರೆಮನೆಗೆ ಕುಸ್ವಾರ್, ಅಂದರೆ ಕ್ರಿಸ್ಮಸ್ಸಿನ ತಿಂಡಿಗಳನ್ನು, ಕಳಿಸುವಾಗ ಪೊಟ್ಟಣಕ್ಕೆ ಕಟ್ಟಬಹುದು. ಅದರಲ್ಲಿರುವ ಕರ್ಜಿಕಾಯಿಯಂಥ ನೆವ್ರಿಯ ಎಣ್ಣೆ ತಾಗದಂತೆ ನಕ್ಷತ್ರದ ಹಿಂದೆ ಒಂದು ಬಟರ್ ಪೇಪರ್ ತುಂಡು ಅಂಟಿಸಿ.