ಹಳೆಯ ಇಳಕಲ್ ಸೀರೆಯಲ್ಲಿ ಮಗಳಿಗೆ ಅಂಗಿ, ಗೊಂಬೆಗೆ ಕುಂಚಿಗಿ ಹೊಲಿಯಬಹುದೇ?

ಪ್ರಶ್ನೆ: ಅವ್ವ ಉಟ್ಟು ಬಿಟ್ಟ ಇಳಕಲ್ ಸೀರೆ ಇದೆ. ಎರಡು ವರ್ಷದ ಮಗಳಿಗೆ ಅದರಲ್ಲಿ ಅಂಗಿ, ಉಳಿದ ತುಂಡಿನಲ್ಲಿ ಅವಳ ಗೊಂಬೆಗೆ ಕುಂಚಿಗಿ (ತಲೆಯಿಂದ ಬೆನ್ನಿಗೆ ಇಳಿಯುವ ಟೊಪ್ಪಿಗೆ) ಹೊಲಿಯಬೇಕೆಂಬ ಆಸೆ. ಗುಂಡಿ, ಲಾಡಿ, ಮಣಿ ಹಚ್ಚಿದರೆ ನಡೆಯುತ್ತದಾ?

ಉತ್ತರ: ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕಡೆಯ ತಾಯಂದಿರು ಹೆಚ್ಚಾಗಿ ಕೇಳುವ ಪ್ರಶ್ನೆಯಿದು. ಧಾರಾಳವಾಗಿ ಹೊಲಿಯಿರಿ. ಸೊಲ್ಲಾಪುರದ ಬಿಸಿಲು 40 ಡಿಗ್ರಿ ದಾಟುವ ದಿನಗಳಲ್ಲಿ, ಹತ್ತಾರು ಸಲ ಒಗೆದು ಮೆತ್ತಗಾದ ಹತ್ತಿ ಬಟ್ಟೆಗಿಂತ ಹಿತವಾದದ್ದು ಮಗುವಿನ ಮೈಗೆ ಇನ್ನೊಂದಿಲ್ಲ. ಅದು ಮತ್ತೆ ಕುಗ್ಗುವ ಭಯವೂ ಕಡಿಮೆ. ಆದರೆ ಮಣಿ ಬೇಡವೇ ಬೇಡ. ಲಾಡಿ ಕೊರಳಿನ ಹತ್ತಿರ ಬೇಡ. ಗುಂಡಿಗೆ ಬೇರೆ ದಾರಿಯಿದೆ, ಹೇಳುತ್ತೇನೆ.

ಮೊದಲು ಸೀರೆ ನೋಡಿಕೊಳ್ಳಿ. ಇಳಕಲ್ಲಿನ ಹಳೆಯ ಕ್ರಮದಲ್ಲಿ ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸನ್ನೂ (ಉದ್ದದ ಎಳೆ) ಕೊಂಡಿ ಹಾಕಿ ಕೂಡಿಸಿರುತ್ತಾರೆ. ಈಗ ಕೃತಕ ನೂಲಿನವೂ ಬಹಳ ಬರುತ್ತವೆ. ಹಾಸಿನದೊಂದು, ಹೊಕ್ಕಿನದೊಂದು (ಅಡ್ಡದ್ದು) ಎಳೆ ಕಿತ್ತು ಬೇರೆ ಬೇರೆಯಾಗಿ ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದರೆ ಹತ್ತಿ. ಕರಗಿ ಗಟ್ಟಿ ಕಪ್ಪು ಉಂಡೆಯಾದರೆ ಪಾಲಿಸ್ಟರ್. ಅದು ಬೆವರು ಹೀರುವುದಿಲ್ಲ, ಗೊಂಬೆಗೆ ಇಟ್ಟುಬಿಡಿ. ಆಮೇಲೆ ಸೀರೆಯನ್ನು ಬೆಳಕಿಗೆ ಹಿಡಿಯಿರಿ. ಜಾಳುಜಾಳಾಗಿ ಕಂಡ ಕಡೆ ಎರಡೂ ಹೆಬ್ಬೆರಳಿಟ್ಟು ಎಳೆಯಿರಿ, ಚರ್ ಎಂದರೆ ಆ ಭಾಗ ಅಂಗಿಗೆ ಬಾರದು.

ಇನ್ನು ಕೊರಳು. ಅಂಗಿ ಕೆಡುವುದು ಬಹುಪಾಲು ಇಲ್ಲಿಯೇ. ಎರಡು ವರ್ಷದ ಮಗುವಿನ ತಲೆಯ ಸುತ್ತಳತೆ ಸುಮಾರು 48 ಸೆಂ.ಮೀ., ಕೊರಳು ಹೆಚ್ಚುಕಡಿಮೆ ಅದರ ಅರ್ಧ. ಕೊರಳಿಗೆ ಸರಿಯಾಗಿ ಕತ್ತರಿಸಿದರೆ ತಲೆ ತೂರುವುದಿಲ್ಲ, ಮಗು ಕಿರುಚಿ ಮನೆ ಎತ್ತುತ್ತದೆ. ತಲೆಯ ಅಳತೆಗೆ ಕತ್ತರಿಸಿದರೆ ಅಂಗಿ ಹೆಗಲಿಂದ ಜಾರುತ್ತದೆ. ಹಾಗಾಗಿ ಕೊರಳಿನ ದುಂಡನ್ನು 30 ಸೆಂ.ಮೀ. ಸುತ್ತಳತೆಗೆ ಇಟ್ಟು, ಬೆನ್ನಿನ ಕಡೆ 12 ಸೆಂ.ಮೀ. ಸೀಳು ಬಿಡಿ. ಸೀಳಿನ ಎರಡು ಅಂಚು ಸೇರಿ 24 ಸೆಂ.ಮೀ. ಹೆಚ್ಚಾಯಿತು, 54 ಸೆಂ.ಮೀ. ಬಾಯಿಯಲ್ಲಿ ತಲೆ ಸರಾಗವಾಗಿ ಹೋಗುತ್ತದೆ. ಕತ್ತರಿ ಹಾಕುವ ಮೊದಲು ನಿಮ್ಮ ಮಗಳ ತಲೆಗೆ ಟೇಪು ಹಿಡಿಯುವುದನ್ನು ಮರೆಯಬೇಡಿ.

ಆ ಸೀಳನ್ನು ಮೇಲ್ಗಡೆ ಕೂಡಿಸಲು ಲಾಡಿ ಕಟ್ಟುವುದು ರೂಢಿ. ಜಾರುಬಂಡಿಯಲ್ಲೋ ತೊಟ್ಟಿಲಿನ ಕಂಬಿಯಲ್ಲೋ ಅದು ಸಿಕ್ಕಿಕೊಂಡರೆ ಕೊರಳಿಗೇ ಬಿಗಿಯುತ್ತದೆ. ಯುರೋಪಿನ ಮಕ್ಕಳ ಉಡುಪಿನ ಮಾನದಂಡ ಏಳು ವರ್ಷದೊಳಗಿನವರ ಕೊರಳು, ಟೊಪ್ಪಿಗೆಯ ಭಾಗದಲ್ಲಿ ಎಳೆದು ಕಟ್ಟುವ ದಾರವನ್ನೇ ಒಪ್ಪುವುದಿಲ್ಲ. ಅದು ಸರಿಯಾದ ನಿಯಮವೇ. ಅದರ ಬದಲು ಅದೇ ಸೀರೆಯ ಕ್ರಾಸ್ ಪಟ್ಟಿಯನ್ನು (ಓರೆಯಾಗಿ ಕತ್ತರಿಸಿದ ಪಟ್ಟಿ) ಕಡ್ಡಿಯಷ್ಟು ತೆಳ್ಳಗೆ ಹೊಲಿದು ತಿರುವಿ, ಬಿಗಿಯಾಗಿ ಗಂಟು ಹಾಕಿ, ಗಂಟಿನ ಬಾಲವನ್ನು ಅಂಚಿನ ಹೊಲಿಗೆಯೊಳಗೆ ಸೇರಿಸಿ ಎರಡು ಸಲ ಮಷಿನ್ ಓಡಿಸಿ. ಎದುರಿನ ಅಂಚಿಗೆ ಚಿಕ್ಕ ಕುಣಿಕೆ ಹಾಕಿದರೆ ಗಂಟೇ ಗುಂಡಿಯಾಗುತ್ತದೆ. ಪ್ಲಾಸ್ಟಿಕ್ ಗುಂಡಿಯ ದಾರ ಸವೆದು ಒಂದು ದಿನ ಉದುರುತ್ತದೆ, ಟಿಚ್ ಬಟನ್ ಕೂಡ ಅಷ್ಟೆ. ಈ ಗಂಟು ಅಂಗಿಯ ಜೊತೆಗೇ ಹರಿಯಬೇಕು.

ಅಂಗಿಯ ಒಳಮೈಯನ್ನೂ ನೋಡಿ. ಬಿಟ್ಟ ದಾರದ ಎಳೆ ಎಳೆಗೂಸಿನ ಕೈಬೆರಳಿಗೆ, ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತ ಓಡಾಡದಂತೆ ಮಾಡುವುದುಂಟು. ಮಗು ಕಾರಣವಿಲ್ಲದೆ ಅಳುತ್ತಿದ್ದರೆ ಬೆರಳುಗಳನ್ನು ನೋಡಬೇಕು ಎನ್ನುವುದು ಇದಕ್ಕೇ. ಹೊಲಿಗೆಯ ಅಂಚು ಮಡಿಚಿ ಹೊಲಿಯಿರಿ, ತುದಿಗಳನ್ನು ಗಂಟಿಗೆ ಸಮನಾಗಿ ಕತ್ತರಿಸಿ. ಖಣದ (ರವಿಕೆಯ) ಬಟ್ಟೆಯಲ್ಲಿ ಎಳೆಗೂಸಿಗೂ ಕುಂಚಿಗಿ ಹೊಲಿಯುವುದಾದರೆ ಒಳಗೆ ಮೆತ್ತನೆಯ ಹತ್ತಿ ಅಸ್ತರ ಕೊಡಿ, ಅದನ್ನು ಎತ್ತಿಕೊಂಡಿರುವಾಗ ಮಾತ್ರ ಹಾಕಿ. ತೊಟ್ಟಿಲಕ್ಕೆ ಹಾಕುವ ದಿನದ ಫೋಟೋ ಮುಗಿದ ಕೂಡಲೇ ತೆಗೆದಿಡಿ. ಮಲಗಿದಾಗ ಅದು ಮುಖದ ಮೇಲೆ ಜಾರುತ್ತದೆ, ತಲೆಯ ಸೆಕೆಯೂ ಹೊರಹೋಗುವುದಿಲ್ಲ.

ಗೊಂಬೆಯ ಉಡುಪಿಗೂ ಇದೇ ಎಚ್ಚರ ಬೇಕು, ಏಕೆಂದರೆ ಅದು ಕೊನೆಗೆ ಮಗುವಿನ ಬಾಯಿಗೇ ಹೋಗುತ್ತದೆ. ಮೂರು ವರ್ಷದೊಳಗಿನ ಮಕ್ಕಳ ಆಟಿಕೆಯ ಬಿಡಿಭಾಗ 31.7 ಮಿ.ಮೀ. ವ್ಯಾಸದ ಪರೀಕ್ಷಾ ಕೊಳವೆಯೊಳಗೆ ಪೂರ್ತಿ ಇಳಿಯುವಂತಿರಬಾರದು. ಹತ್ತು ರೂಪಾಯಿ ನಾಣ್ಯವೇ 27 ಮಿ.ಮೀ. ಇದೆ; ಗುಂಡಿ, ಮಣಿ, ಗೆಜ್ಜೆ ಯಾವುದೂ ಇಲ್ಲಿ ಪಾಸಾಗುವುದಿಲ್ಲ. ಗೊಂಬೆಯ ಕಣ್ಣನ್ನು ದಾರದಲ್ಲೇ ಕಸೂತಿ ಮಾಡಿ. ಗೊಂಬೆಯ ಕುಂಚಿಗಿಗೆ ಲಾಡಿ ಇರಲೇಬೇಕೆಂದರೆ ಪ್ರತಿಯೊಂದೂ ಅರ್ಧ ಗೇಣಿಗಿಂತ ಗಿಡ್ಡ ಇರಲಿ. 18 ತಿಂಗಳೊಳಗಿನ ಮಕ್ಕಳ ಆಟಿಕೆಯ ದಾರ 22 ಸೆಂ.ಮೀ. ಮೀರಬಾರದೆಂಬ ನಿಯಮದೊಳಗೆ ಅದು ಕೂಡುತ್ತದೆ. ಗೊಂಬೆಯ ಅಂಗಿಯ ಬೆನ್ನನ್ನು ಪೂರ್ತಿ ತೆರೆದಿಟ್ಟರೆ ಮಗಳೇ ತೊಡಿಸುತ್ತಾಳೆ, ಬಿಚ್ಚುತ್ತಾಳೆ. ಸಣ್ಣ ಜೋಳಿಗೆ, ಅಂಗೈಯಷ್ಟು ಕೌದಿ ಇವೆಲ್ಲ ಚಿಂದಿಯಲ್ಲೇ ಆಗುತ್ತವೆ, ಅವಳಿಗೆ ಅದೇ ಹೆಚ್ಚು ಖುಷಿ. ಗೊಂಬೆಯ ಹೊಟ್ಟೆಗೆ ಜೋಳ, ಥರ್ಮಾಕೋಲ್ ಕಾಳು ತುಂಬಬೇಡಿ. ಹೊಲಿಗೆ ಬಿಟ್ಟರೆ ಚೆಲ್ಲಿಹೋಗುತ್ತವೆ, ಜೋಳಕ್ಕೆ ಹುಳವೂ ಹತ್ತುತ್ತದೆ. ಸಣ್ಣಗೆ ಕತ್ತರಿಸಿದ ಹತ್ತಿ ಚಿಂದಿ ಸಾಕು. ಒಗೆದು ಬಿಸಿಲಿಗಿಟ್ಟರೆ ಒಣಗುತ್ತದೆ.

ಓಣಿಯವರು ನೋಡಿ, ನಮಗೂ ಹೊಲಿದುಕೊಡಿ, ದುಡ್ಡು ಕೊಡುತ್ತೇವೆ ಅಂದರೆ ಒಂದು ಮಾತು. 2021ರ ಜನವರಿ 1ರಿಂದ ಭಾರತದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ, ನೋಂದಾಯಿತ ಕರಕುಶಲಿಗಳಿಗೆ ವಿನಾಯಿತಿ ಇದೆ. ಗೊಂಬೆ ಮಾರುವ ಮೊದಲು ಆ ನೋಂದಣಿ ಮಾಡಿಸಿಕೊಳ್ಳಿ.